ರಾಸ್ಪುಟಿನ್‌ಗೆ ಒಂದು ಪ್ಯಾರಾ ಸಾಕು

ನಮಸ್ಕಾರ.

ರಷ್ಯಾದ ತ್ಸಾರ್ (ಚಕ್ರವರ್ತಿ) ನಿಕೊಲಸ್‌ನ ಪತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ನಿಮ್ಮ ಭಾಷೆ ಸರಾಗವಾಗಿದೆ, ವಿಷಯದ ಮೇಲೆ ಪ್ರೀತಿಯಿದೆ. ಅದಕ್ಕೇ ಬಿಚ್ಚಿ ಹೇಳುತ್ತಿದ್ದೇನೆ.

ತ್ಸಾರ್ ದಂಪತಿಯ ವಿಶ್ವಾಸ ಗಳಿಸಿದ್ದ ‘ಸಾಧು’ ರಾಸ್ಪುಟಿನ್ ಅರ್ಧ ಲೇಖನವನ್ನು ನುಂಗಿದ್ದಾನೆ. ಅವನ ಕೊಲೆಯಾದದ್ದು 1916ರ ಡಿಸೆಂಬರ್‌ನಲ್ಲಿ. ಮೂರು ತಿಂಗಳು ಕಳೆಯುವುದರೊಳಗೆ ಸಿಂಹಾಸನವೇ ಹೋಯಿತು. ಅವನೇ ಮೂಲ ಕಾರಣವಾಗಿದ್ದರೆ ಅವನು ಸತ್ತ ಮೇಲಾದರೂ ಅರಸೊತ್ತಿಗೆ ಉಳಿಯಬೇಕಿತ್ತಲ್ಲ? ಅರಮನೆಯ ಮರ್ಯಾದೆ ಕಳೆದ, ನಿಜ. ಅಷ್ಟು ಹೇಳಿ ಮುಂದೆ ಹೋಗಿ.

1905ರ ದಂಗೆಯಲ್ಲಿ ಸೈನ್ಯ ಬಹುಮಟ್ಟಿಗೆ ಜೊತೆಗಿತ್ತು, ತ್ಸಾರ್ ಉಳಿದ. 1917ರಲ್ಲಿ ಯಾಕೆ ಉಳಿಯಲಿಲ್ಲ? ಓದುಗರು ಕೇಳುವುದು ಇದನ್ನೇ. ಬ್ರೆಡ್ಡಿಗೆ ಸರದಿ ನಿಂತು ಬೇಸತ್ತಿದ್ದ ರಾಜಧಾನಿ ಪೆಟ್ರೊಗ್ರಾಡ್‌ನ ಜವಳಿ ಗಿರಣಿಗಳ ಹೆಂಗಸರು ಫೆಬ್ರವರಿ 23ರಂದು ಬೀದಿಗಿಳಿದರು. 26ರ ಭಾನುವಾರ ವೊಲಿನ್‌ಸ್ಕಿ ರೆಜಿಮೆಂಟಿನವರು ಜನರ ಮೇಲೆ ಗುಂಡು ಹಾರಿಸಿದರು. ಮರುದಿನ ಬೆಳಿಗ್ಗೆ ಅದೇ ಸೈನಿಕರು ಇನ್ನು ಹಾರಿಸುವುದಿಲ್ಲವೆಂದು ತಿರುಗಿಬಿದ್ದರು. ಅವರ ಅಧಿಕಾರಿ ಅವರ ಗುಂಡಿಗೇ ಬಲಿಯಾದ. ನಿಮ್ಮ ಲೇಖನದ ಜೀವ ಆ ಒಂದು ರಾತ್ರಿಯಲ್ಲಿದೆ. ನೀವೋ ‘ಸೈನ್ಯವೂ ಬಂಡೆದ್ದಿತು’ ಎಂದು ಮುಗಿಸಿಬಿಟ್ಟಿದ್ದೀರಿ. ಪ್ಸ್ಕೋವ್‌ನಲ್ಲಿ ನಿಂತ ರೈಲಿನೊಳಗೆ ನಿಕೊಲಸ್ ಸಹಿ ಹಾಕುವಾಗ ಅವನ ಕೈಯಲ್ಲಿದ್ದದ್ದು ಅವನದೇ ಸೇನಾಪತಿಗಳ ತಂತಿಗಳು: ಪಟ್ಟ ಬಿಡುವುದೇ ಲೇಸು ಎಂದು. ಇದನ್ನೂ ಬರೆಯಿರಿ.

‘ತ್ಸಾರ್‌ನನ್ನು ಇಳಿಸಿ ಬೋಲ್ಶೆವಿಕರು ಅಧಿಕಾರ ಹಿಡಿದರು’ ಎಂಬ ವಾಕ್ಯ ಮಾತ್ರ ಖಂಡಿತ ನಿಲ್ಲುವುದಿಲ್ಲ. ಆ ಉಗ್ರ ಸಮಾಜವಾದಿಗಳ ನಾಯಕ ಲೆನಿನ್ ಆಗ ಸ್ವಿಟ್ಜರ್ಲೆಂಡಿನಲ್ಲಿದ್ದ. ಅವರು ಅಧಿಕಾರ ಹಿಡಿದದ್ದು ಅಕ್ಟೋಬರ್‌ನಲ್ಲಿ. ನಡುವಿನ ಸುಮಾರು ಎಂಟು ತಿಂಗಳು ಆಳಿದ್ದು ತಾತ್ಕಾಲಿಕ ಸರ್ಕಾರ. ಅದು ಮೊದಲ ಮಹಾಯುದ್ಧದಿಂದ ಹೊರಬರಲಿಲ್ಲ. ಜೂನ್‌ನಲ್ಲಿ ದಣಿದ ಸೈನ್ಯವನ್ನು ಮತ್ತೆ ದಾಳಿಗೆ ನೂಕಿ ಸೋತಿತು. ಭೂಮಿಯ ಪ್ರಶ್ನೆಯನ್ನು ಸಂವಿಧಾನ ಸಭೆ ತೀರ್ಮಾನಿಸಲಿ ಎಂದಿತು, ಆ ಸಭೆಯ ಚುನಾವಣೆಯನ್ನೂ ಮುಂದೂಡಿತು. ರೈತರು ಕಾಯಲಿಲ್ಲ, ತಾವೇ ಜಮೀನು ಹಿಡಿದರು. ಆಗಸ್ಟ್‌ನಲ್ಲಿ ಅದರದೇ ಸೇನಾ ಮುಖ್ಯಸ್ಥ ಜನರಲ್ ಕೊರ್ನಿಲೊವ್ ರಾಜಧಾನಿಯತ್ತ ಪಡೆ ಕಳಿಸಿದಾಗ, ತಡೆಯಲೆಂದು ಕಾರ್ಮಿಕರ ಕೈಗೆ ಬಂದ ಬಂದೂಕುಗಳು ಮರಳಿ ಹೋಗಲಿಲ್ಲ. ಬೋಲ್ಶೆವಿಕರಿಗೆ ದಾರಿ ತೆರೆದದ್ದು ಈ ತಿಂಗಳುಗಳು. ‘ಜನರೆಲ್ಲ ಅವರ ಹಿಂದಿದ್ದರು’ ಎಂಬ ಸಾಲನ್ನೂ ತೆಗೆಯಿರಿ: ಅಧಿಕಾರ ಹಿಡಿದ ಮೇಲೆ ನವೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು ಕಾಲು ಭಾಗ ಮತ.

ದಿನಾಂಕಗಳು ಕಲಸಿಹೋಗಿವೆ. ರಷ್ಯಾದ ಹಳೇ ಕ್ಯಾಲೆಂಡರ್ ನಮ್ಮದಕ್ಕಿಂತ 13 ದಿನ ಹಿಂದಿತ್ತು. ನಾನಿಲ್ಲಿ ಹಳೆಯದನ್ನೇ ಬಳಸಿದ್ದೇನೆ. ನೀವೂ ಯಾವುದಾದರೂ ಒಂದನ್ನು ಹಿಡಿದು, ಮೊದಲಲ್ಲೇ ತಿಳಿಸಿ.

ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ