ಎಂಡಿ ಮೊದಲೋ, ಪಿಎಚ್‌ಡಿ ಮೊದಲೋ?

ಎಂಬಿಬಿಎಸ್ ಮೂರನೇ ವರ್ಷ, ಅಪರೂಪದ ಆನುವಂಶಿಕ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುವಾಸೆ, ಎಂಡಿ ಬಿಟ್ಟು ನೇರ ಪಿಎಚ್‌ಡಿಗೆ ಹೋದರೆ ವರ್ಷ ಉಳಿಯುತ್ತಲ್ಲ ಅಂತ ಕೇಳಿದ್ದೀರಿ. ಉಳಿಯುತ್ತೆ. ಆದರೂ ಎಂಡಿ ಮೊದಲು ಮಾಡಿ ಅಂತೀನಿ.

ನಾನು ಪೀಡಿಯಾಟ್ರಿಕ್ಸ್‌ನಲ್ಲಿ ಎಂಡಿ, ಮೆಡಿಕಲ್ ಜೆನೆಟಿಕ್ಸ್‌ನಲ್ಲಿ ಡಿಎಂ (ಎಂಡಿ ಆದಮೇಲಿನ ಸೂಪರ್ ಸ್ಪೆಷಾಲಿಟಿ ಪದವಿ) ಮುಗಿಸಿ ಈಗ ಪಿಎಚ್‌ಡಿಯ ಮಧ್ಯದಲ್ಲಿದ್ದೇನೆ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ 3, ಡಿಎಂ 3, ಮೇಲೆ ಇದು. ನನ್ನ ಬ್ಯಾಚಿನವರು ಸ್ವಂತ ನರ್ಸಿಂಗ್ ಹೋಂ ಕಟ್ಟಿ ಊಟ ಹಾಕಿಸಿದ್ದಾರೆ; ನಾನು ಫೆಲೋಶಿಪ್ ದುಡ್ಡು ಬಂತಾ ಅಂತ ಬ್ಯಾಂಕ್ ಮೆಸೇಜ್ ನೋಡ್ತಿರ್ತೀನಿ.

ಆದರೂ ಎಂಡಿ ಮೊದಲು ಯಾಕೆ ಅಂತೀರಾ? ಎಕ್ಸೋಮ್ ಪರೀಕ್ಷೆಯಲ್ಲಿ, ಅಂದರೆ ಜೀನ್‌ಗಳ ಪ್ರೋಟೀನ್ ತಯಾರಿಸುವ ಭಾಗ ನೋಡುವ ಪರೀಕ್ಷೆಯಲ್ಲಿ, ಸುಮಾರು 20,000 ಜೀನ್‌ಗಳನ್ನು ಒಂದೇ ಸಲಕ್ಕೆ ಓದುತ್ತಾರೆ. ಯಾರದನ್ನು ಓದಿದರೂ ಸಾವಿರಾರು ವ್ಯತ್ಯಾಸ ಸಿಗುತ್ತವೆ. ಯಾವುದು ಕಾಯಿಲೆ ತಂದದ್ದು, ಯಾವುದು ಮನೆತನದ ಮೂಗಿನ ಹಾಗೆ ಸುಮ್ಮನೆ ಬಂದದ್ದು? ಹೋಲಿಸಿ ನೋಡುವ ದೊಡ್ಡ ಜೀನ್ ಡೇಟಾಬೇಸ್‌ಗಳಲ್ಲಿ ಭಾರತೀಯರು ಕಡಿಮೆ, ಹಾಗಾಗಿ ನಮ್ಮಲ್ಲಿ ಮಾಮೂಲಿಯಾದದ್ದೂ ಅಲ್ಲಿ ಅಪರೂಪವಾಗಿ ಕಾಣುತ್ತೆ. ಡಿಎಂ ಮೊದಲ ವರ್ಷ ಒಂದು ಮಗುವಿನ ರಿಪೋರ್ಟಿನಲ್ಲಿ ‘ಅರ್ಥ ಖಚಿತವಿಲ್ಲ’ ಅಂತಿದ್ದ ವ್ಯತ್ಯಾಸವನ್ನೇ ಕಾರಣ ಅಂದುಕೊಂಡು ತಾಯಿಗೆ ಹೇಳಲು ಹೊರಟಿದ್ದೆ. ಸೀನಿಯರ್ ತಡೆದು, ಅಪ್ಪ ಅಮ್ಮನ ರಕ್ತ ನೋಡಿದೆಯಾ ಅಂದರು. ನೋಡಿದರೆ ಅಪ್ಪನಲ್ಲೂ ಅದೇ ಇತ್ತು. ಆ ಮನುಷ್ಯ ಗಟ್ಟಿಮುಟ್ಟಾಗಿ ಇಪ್ಪತ್ತು ವರ್ಷದಿಂದ ಲಾರಿ ಓಡಿಸುತ್ತಿದ್ದರು. ಇಂಥ ಪೆಟ್ಟು ಓಪಿಡಿಯಲ್ಲೇ ಬೀಳಬೇಕು, ಲ್ಯಾಬಿನಲ್ಲಿ ಬೀಳಲ್ಲ.

ನಮ್ಮ ಹಂದಿಗೋಡನ್ನೇ ನೋಡಿ. ಸಾಗರ ತಾಲ್ಲೂಕಿನ ಆ ಊರಲ್ಲಿ 1970ರ ದಶಕದಲ್ಲಿ ಸೊಂಟ, ಮಂಡಿ ಸವೆದು ನಡೆಯಲಾರದವರು ಕಣ್ಣಿಗೆ ಬಿದ್ದಾಗ, ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈ ಸೇರಿತೇನೋ ಅನ್ನುವ ಅನುಮಾನ ಹುಟ್ಟಿತ್ತು. ಬಡವರು, ಏಡಿ ತಿನ್ನುವವರು, ಊಹೆ ಸುಲಭ. 1990ರ ದಶಕದಲ್ಲಿ ವಂಶವೃಕ್ಷ ಬರೆದು, ಎಕ್ಸ್‌ರೇ ಹೋಲಿಸಿದ ಮೇಲೆ, ತಂದೆ ಅಥವಾ ತಾಯಿ ಒಬ್ಬರಿಂದಲೇ ಇಳಿದು ಬರುವ ಮೂಳೆ ಕಾಯಿಲೆ ಇದು ಅನ್ನುವುದು ಗಟ್ಟಿಯಾಯಿತು. ಅದಕ್ಕೆ ಬೇಕಾದದ್ದು ಪೆನ್ಸಿಲ್ಲು, ತಾಳ್ಮೆ, ಎಕ್ಸ್‌ರೇ ಓದುವ ಕಣ್ಣು.

ಸದ್ಯಕ್ಕೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವಿದ್ಯಾರ್ಥಿಗಳ ಸಂಶೋಧನಾ ಯೋಜನೆ ಎಸ್‌ಟಿಎಸ್‌ಗೆ ಅರ್ಜಿ ಹಾಕಿ, ಎರಡು ತಿಂಗಳ ಪ್ರಾಜೆಕ್ಟ್, ಸಂಶೋಧನೆಯ ರುಚಿ ಸಿಗುತ್ತೆ. ಸ್ಟಾಟಿಸ್ಟಿಕ್ಸ್, ಸ್ವಲ್ಪ ಪೈಥಾನ್ ಕಲಿತಿಟ್ಟುಕೊಳ್ಳಿ. ಡಿಎಂ ಸೀಟು ಬೆರಳೆಣಿಕೆ: ದೆಹಲಿ ಏಮ್ಸ್, ಲಖನೌದ ಎಸ್‌ಜಿಪಿಜಿಐ ಹಳೆಯವು. ಈ ಕೆಲಸ ಹತ್ತಿರದಿಂದ ನೋಡಲು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ನಿಮ್ಹಾನ್ಸ್, ಮಣಿಪಾಲದ ಕೆಎಂಸಿ ಇವೆ.

ಒಂದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕಾಯಿಲೆಯ ಹೆಸರು ಹೇಳಿದ ಮರುಗಳಿಗೆ ತಾಯಿ ಕೇಳುವುದು ಔಷಧ ಇದೆಯಾ ಅಂತ. ಹೆಚ್ಚಿನವಕ್ಕೆ ಇಲ್ಲ. ಇದ್ದರೂ, ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಸರ್ಕಾರದ ನೆರವು ಸಿಗುವುದು 50 ಲಕ್ಷ ರೂಪಾಯಿವರೆಗೆ. ಆದರೆ ಗೋಶೆ ಥರದ, ಒಂದು ಕಿಣ್ವದ ಕೊರತೆಯಿಂದ ಬರುವ ಕಾಯಿಲೆಯ ಇಂಜೆಕ್ಷನ್ ಜೀವನವಿಡೀ ಬೇಕು.

ಈ ವಾರ ನಿಮ್ಮ ಮನೆಯದ್ದೇ ವಂಶವೃಕ್ಷ ಬರೆದು ನೋಡಿ, ಮೂರು ತಲೆಮಾರು. ತೀರಿಹೋದ ಮಕ್ಕಳ ಬಗ್ಗೆ ಅಜ್ಜಿಯನ್ನು ಕೇಳಿ, ಅಪ್ಪ ಹೇಳಲ್ಲ. ಸೋದರಮಾವನನ್ನೇ ಮದುವೆಯಾದವರು ಯಾರಾದರೂ ಸಿಗುತ್ತಾರೆ. ರಕ್ತಸಂಬಂಧದ ಮದುವೆಯ ಗುರುತಾಗಿ ಆ ದಂಪತಿಯ ನಡುವೆ ಒಂದಲ್ಲ, ಎರಡು ಗೆರೆ ಎಳೆಯಬೇಕು.