ಮಾತಾಡದ ಅಪ್ಪನ ಹತ್ರ ಏನ್ ಮಾತಾಡೋದು ಅಂತ ಕೇಳಿದ ತಮ್ಮಗ

ತಮ್ಮಾ, ಹಾಸ್ಟೆಲ್‌ನಿಂದ ಫೋನ್ ಮಾಡಿದ್ರ ಅಪ್ಪ "ಹ್ಞೂಂ, ಊಟ ಆತೇನು" ಅಂದು ಅವ್ವನ ಕೈಗೆ ಕೊಟ್ಬಿಡ್ತಾನ, ನನ್ ಮ್ಯಾಲ ಪ್ರೀತಿ ಇಲ್ಲೇನು ಅಂತ ಕೇಳೀಯಲ್ಲ, ನಮ್ಮಪ್ಪನೂ ಥೇಟ್ ಹಂಗ. ನಮ್ದು ಗಂಗಾವತಿ ಕಡಿ, ತುಂಗಭದ್ರಾ ಡ್ಯಾಮಿನ ಎಡದಂಡಿ ಕಾಲುವಿ ನೀರಿನ ಭತ್ತದ ಗದ್ದಿ. ಅಪ್ಪ ಒಳಗ ಬಂದ್ರ ಟಿವಿ ಸೌಂಡ್ ಕಮ್ಮಿ ಆಗ್ತಿತ್ತು. ಆದ್ರ ಮಿಲ್ಲಿಗೆ ಹೋಗಿಬಂದ ದಿನ ಪೇಪರ್‌ನ್ಯಾಗ ಸುತ್ತಿದ ಮಿರ್ಚಿ, ಎಣ್ಣಿ ಹೀರಿ ಒಳಗಿನ ಅಕ್ಷರ ಹೊರಗ ಕಾಣ್ತಿದ್ವು, ಕಟ್ಟಿ ಮ್ಯಾಲ ಇಟ್ಟು ಏನೂ ಅನ್ನದ ಕೈಕಾಲು ತೊಳಿಯಾಕ ಹೋಗ್ತಿದ್ದ, ತಾನು ಒಂದೂ ತಿಂತಿರ್ಲಿಲ್ಲ.

2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿಂದು 19ನೇ ಗೇಟ್ ಕಿತ್ಗೊಂಡು ಹೋತಲ್ಲ, ಆವಾಗ ಮೊದಲ್ನೇ ಸಲ ಅಪ್ಪನೇ ನಂಗ ಫೋನ್ ಮಾಡಿದ, "ಮೊಬೈಲ್‌ನ್ಯಾಗ ನೋಡು, ನೀರು ಎಷ್ಟು ಉಳದೈತಿ?" ಅಂತ. ನಾಟಿ ಆಗಷ್ಟೇ ಮುಗಿಸಿದ್ವಿ, ಧ್ವನಿ ನಡುಗ್ತಿತ್ತು. ಅವತ್ತಿಂದ ಮಳಿಗಾಲದಾಗ ದಿನಾ ಸಂಜಿಗೆ ನಾನೇ ಡ್ಯಾಮಿನ ಲೆವೆಲ್ ಹೇಳ್ತೀನಿ, 1633 ಅಡಿ ಅಂದ್ರ ಫುಲ್ಲು, ಆ ಲೆಕ್ಕದಾಗ ಶುರುವಾದ ಮಾತು ಗೊಬ್ಬರ, ಎಮ್ಮಿ, ಮೊಣಕಾಲು ನೋವು ಅಂತ ಹತ್ತು ನಿಮಿಷ ಹೋಗ್ತೈತಿ. ನೀನೂ ನಿಮ್ಮಪ್ಪನ ಕೆಲಸದ ಬಗ್ಗೆನ ಕೇಳು, "ಹೆಂಗದಿ" ಅಂತ ಕೇಳಬ್ಯಾಡ, ಅದಕ್ಕ ಇಂಥೋರ ಹತ್ರ ಉತ್ತರ ಇರಂಗಿಲ್ಲ.