ನವೆಂಬರ್ 1ಕ್ಕೆ ಹಾಡು ಬಿಡಿ, ಶೋ ಡಿಸೆಂಬರ್‌ಗೆ ಇಡಿ

ನಾಲ್ಕು ಜನರ ಬ್ಯಾಂಡು, ಐದು ಹಾಡಿನ ಇಪಿ (ಪುಟ್ಟ ಆಲ್ಬಂ), ರಾಜ್ಯೋತ್ಸವದ ದಿನ ಬಿಡುಗಡೆ, ಅದೇ ವಾರ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಶೋ. ಹೇಗೆ ಮಾಡೋದು ಅಂತ ಕೇಳಿದ್ದೀರಿ. ಹಾಡು ಅವತ್ತೇ ಬರಲಿ, ಶೋ ಮಾತ್ರ ಡಿಸೆಂಬರ್‌ಗೆ ಇಡಿ. ನವೆಂಬರ್ ಪೂರ್ತಿ ಊರೂರಲ್ಲಿ ಆರ್ಕೆಸ್ಟ್ರಾ. ಒಳ್ಳೇ ಮೈಕ್‌ಸೆಟ್ ಸಿಗೋದೇ ಕಷ್ಟ, ಸಿಕ್ಕರೂ ಬಾಡಿಗೆ ಜಾಸ್ತಿ. ಬೀದಿಯಲ್ಲಿ ಪುಕ್ಕಟೆ ಹಾಡು ನಡೀವಾಗ ಟಿಕೆಟ್ ಯಾರು ತಗೋತಾರೆ? ಅಷ್ಟೊತ್ತಿಗೆ ಮೂರ್ನಾಲ್ಕು ವಾರ ಹಾಡು ಕಿವಿಗೆ ಬಿದ್ದಿದ್ರೆ ಜನ ಪಲ್ಲವಿಗಾದ್ರೂ ದನಿಗೂಡಿಸ್ತಾರೆ.

ಫೈಲುಗಳನ್ನ ಅಕ್ಟೋಬರ್ ಮೊದಲ ವಾರವೇ ಡಿಸ್ಟ್ರಿಬ್ಯೂಟರ್‌ಗೆ (ಸ್ಪಾಟಿಫೈನಂಥ ಆ್ಯಪ್‌ಗಳಿಗೆ ಹಾಡು ತಲುಪಿಸೋ ಕಂಪನಿಗೆ) ಏರಿಸಿ. ವೇವ್ (WAV) ಫೈಲೇ ಇರಲಿ, ಎಂಪಿ3 ಬೇಡ. ಕವರ್ 3000x3000 ಪಿಕ್ಸೆಲ್. ಅದರ ಮೇಲೆ ಫೋನ್ ನಂಬರ್, ಇನ್‌ಸ್ಟಾ ಐಡಿ ಇದ್ರೆ ತಿರಸ್ಕಾರ ಆಗುತ್ತೆ. ಸ್ಪಾಟಿಫೈಗೆ ಕನಿಷ್ಠ 7 ದಿನ ಮುಂಚೆ ಪಿಚ್ ಮಾಡಿದ್ರೆ, ಅಂದ್ರೆ ಪ್ಲೇಲಿಸ್ಟಿಗೆ ಪರಿಗಣಿಸಿ ಅಂತ ಒಂದು ಹಾಡು ಕಳಿಸಿದ್ರೆ, ನಿಮ್ಮನ್ನ ಫಾಲೋ ಮಾಡೋರ ರಿಲೀಸ್ ರಾಡಾರ್ ಅನ್ನೋ ಹೊಸ ಹಾಡುಗಳ ಪಟ್ಟಿಗೆ ಆ ಹಾಡೇ ಹೋಗುತ್ತೆ. ಐದರಲ್ಲಿ ಒಂದನ್ನ ಮಾತ್ರ ಕಳಿಸೋಕಾಗೋದು, ಬಿಡುಗಡೆಯಾದ ಮೇಲೆ ಅದೂ ಇಲ್ಲ. ಯಾವುದು ಅಂತ ಈಗಲೇ ಜಗಳ ಮಾಡಿ ಮುಗಿಸಿಕೊಳ್ಳಿ.

ನಿಜವಾದ ತೊಡಕು ಮೂರನೇ ಹಾಡು, ಡಿವಿಜಿಯವರ ಮಂಕುತಿಮ್ಮನ ಕಗ್ಗದ ಪದ್ಯಗಳದ್ದು. ಡಿವಿಜಿ ಮುಳಬಾಗಿಲಿನವರು, ಕೋಲಾರದ ಶೋಗೆ ಹೇಳಿ ಮಾಡಿಸಿದ ಹಾಡು, ಒಪ್ಪಿದೆ. ಆದ್ರೆ ಅವರು ತೀರಿಕೊಂಡಿದ್ದು 1975ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕವಿ ತೀರಿದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತೆ, ಅಂದ್ರೆ 2035ರ ಕೊನೆವರೆಗೆ. ಹಕ್ಕುದಾರರ ಅನುಮತಿ ಬರಹದಲ್ಲಿ ಬೇಕು. ಅಕ್ಟೋಬರ್ ಶುರುವಾಗೋದ್ರೊಳಗೆ ಬರದಿದ್ರೆ ಆ ಹಾಡು ತೆಗೆದಿಟ್ಟು ಕೈವಾರ ತಾತಯ್ಯನವರ ಒಂದು ಕನ್ನಡ ಪದ ತಗೊಳ್ಳಿ. ಕೈಲಾಸಂ ಕೂಡ ಆಗುತ್ತೆ, ಅವರು ಹೋಗಿದ್ದು 1946ರಲ್ಲಿ. ವಚನಗಳ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ, ಆದ್ರೆ ಧಾಟಿ ನಿಮ್ಮದೇ ಇರಬೇಕು. ಕ್ಯಾಸೆಟ್‌ನಲ್ಲಿ ಕೇಳಿ ಬಾಯಿಗೆ ಬಂದ ಧಾಟಿಗೆ ರಾಗ ಹಾಕಿದೋರು ಬೇರೆ ಇರ್ತಾರೆ.

ಎರಡನೇ ಹಾಡಿನ ತಮಟೆ ಲೂಪು (ಮತ್ತೆ ಮತ್ತೆ ಬರೋ ಬಡಿತದ ತುಣುಕು) ಸ್ಯಾಂಪಲ್ ಪ್ಯಾಕಿಂದು, ಅಂದ್ರೆ ಯಾರು ಬೇಕಾದ್ರೂ ಬಳಸೋ ರೆಡಿಮೇಡ್ ಸದ್ದುಗಳ ಕಟ್ಟಿಂದು, ಅಂದ್ರಿ. ಅದಕ್ಕೆ ಯೂಟ್ಯೂಬ್ ಕಂಟೆಂಟ್ ಐಡಿ (ನಿಮ್ಮ ಸದ್ದು ಬೇರೆ ವಿಡಿಯೋದಲ್ಲಿದ್ರೆ ತಾನೇ ಹುಡುಕಿ ಹಕ್ಕು ಹೂಡೋ ವ್ಯವಸ್ಥೆ) ಹಾಕಬೇಡಿ. ಅದೇ ಲೂಪು ಬಳಸಿದ ಬೇರೆಯವರ ವಿಡಿಯೋಗೆ ನಿಮ್ಮ ಕ್ಲೇಮು, ನಿಮ್ಮದಕ್ಕೆ ಅವರ ಕ್ಲೇಮು ಬೀಳುತ್ತೆ. ಶೋನಲ್ಲಂತೂ ನಿಜವಾದ ತಮಟೆಯೇ ಇರಲಿ. ಚರ್ಮದ್ದಾದ್ರೆ ಕಾಯಿಸಿದ ಬಿಸಿ ಇಳಿದಂತೆ ಶ್ರುತಿಯೂ ಇಳಿದು ದಬದಬ ಅನ್ನುತ್ತೆ, ಡಿಸೆಂಬರ್ ಚಳಿಯಲ್ಲಿ ಇನ್ನೂ ಬೇಗ. ರಂಗಮಂದಿರದ ಒಳಗೆ ಬೆಂಕಿ ಹಚ್ಚೋಕೆ ಬಿಡಲ್ಲ. ಹೊರಗೆ ಕಾಯಿಸಿಕೊಂಡು ಬಂದು ಆ ಹಾಡನ್ನ ಮೊದಲೇ ಮುಗಿಸಿ, ಇಲ್ಲವೇ ಫೈಬರ್ ತಮಟೆ ತನ್ನಿ. ನಾದ ಸ್ವಲ್ಪ ಒಣ, ಆದ್ರೆ ಇಳಿಯಲ್ಲ.

ಶುಕ್ರವಾರ ತುಮಕೂರು, ಶನಿವಾರ ಚಿಕ್ಕಬಳ್ಳಾಪುರ, ಭಾನುವಾರ ಕೋಲಾರ. ತುಮಕೂರಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ, ಮಾರನೇ ದಿನ ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರ ಸೇರಿದ್ರೆ ಬೆಂಗಳೂರಿನ ಟ್ರಾಫಿಕ್ಕೇ ಮುಟ್ಟಲ್ಲ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರ, ಕೋಲಾರದ ಟಿ. ಚನ್ನಯ್ಯ ರಂಗಮಂದಿರ ಕೇಳೋ ಮುಂಚೆ ಸರ್ಕಾರಿ ಜಯಂತಿಗಳ ದಿನ ನೋಡಿಕೊಳ್ಳಿ. ಬಯಲಲ್ಲಾದ್ರೆ ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಬೇಕು. ರಾತ್ರಿ 10ಕ್ಕೆ ನಿಲ್ಲಿಸಲೇಬೇಕು, ಹಾಗಾಗಿ ಕೊನೇ ಹಾಡು 9:30ಕ್ಕೆ ಅಂತ ಇಟ್ಟುಕೊಳ್ಳಿ.

ಮೈಕ್‌ಸೆಟ್‌ನವರಿಗೆ ವಾರ ಮುಂಚೆ ಒಂದು ಚೀಟಿ ಕೊಡಿ: ಮಿಕ್ಸರ್‌ಗೆ ಒಟ್ಟು 8 ಲೈನು. ಗಾಯನದ ಎರಡು, ಹಾರ್ಮೋನಿಯಂ, ತಮಟೆ, ಈ ನಾಲ್ಕು ಮೈಕಿಗೆ. ಗಿಟಾರು, ಬೇಸು, ಲ್ಯಾಪ್‌ಟಾಪಿನ ಎರಡು, ಈ ನಾಲ್ಕು ಡಿಐ ಬಾಕ್ಸಿಗೆ (ವಾದ್ಯದ ಸಿಗ್ನಲನ್ನ ಮಿಕ್ಸರ್‌ಗೆ ಹೊಂದುವಂತೆ ಬದಲಿಸೋ ಪುಟ್ಟ ಡಬ್ಬಿ). ಡಿಐ ಬಾಕ್ಸು ಅವರ ಹತ್ರ ಇರುತ್ತೆ ಅಂತ ನಂಬಬೇಡಿ, ನಾಲ್ಕೂ ನೀವೇ ಒಯ್ಯಿರಿ. ಗಿಟಾರಿಂದ ಮಿಕ್ಸರ್‌ವರೆಗೆ 20 ಮೀಟರ್ ನೇರ ಕೇಬಲ್ ಎಳೆದ್ರೆ ತಂತಿಯ ಹೊಳಪೇ ಸತ್ತುಹೋಗುತ್ತೆ. ಸ್ಪೀಕರ್ ಗುಂಯ್ ಅಂತ ಸದ್ದು ಮಾಡಿದ್ರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತ್ರೆ ಡಿಐ ಬಾಕ್ಸಿನ ಮೇಲಿರೋ ಗ್ರೌಂಡ್ ಲಿಫ್ಟ್ ಅನ್ನೋ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯೋ ಚಾಳಿ ನಮ್ಮಲ್ಲಿದೆ, ಅದು ಜೀವಕ್ಕೇ ಕುತ್ತು. ಗಾಯಕರಿಗೆ ಅವರದೇ ದನಿ ಕೇಳಿಸೋ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನ ಹಿಂದೆ, ಅವರ ಮುಖಕ್ಕೆ ನೇರವಾಗಿರಲಿ. ಮೈಕಿನ ಜಾಲರಿ ಮುಷ್ಟಿಯಲ್ಲಿ ಹಿಡಿದ್ರೆ ಅದು ಎಲ್ಲಾ ಕಡೆಯ ಸದ್ದು ಎಳೆದು ಕೂಗುತ್ತೆ. ಕರೆಂಟು ಹೋಗಿ ಜನರೇಟರ್‌ಗೆ ಬದಲಿಸುವಾಗ ಮೊದಲು ಆಂಪ್ಲಿಫೈಯರ್ ಆಫ್ ಮಾಡಿಸಿ, ಕರೆಂಟ್ ಬಂದ ಮೇಲೆ ಮಿಕ್ಸರ್ ಆನ್, ಆಂಪ್ಲಿಫೈಯರ್ ಕೊನೆಗೆ. ಈ ಕ್ರಮ ತಪ್ಪಿದ್ರೆ ಆ ಒಂದು ಧಡ್ ಸದ್ದಿಗೇ ಸ್ಪೀಕರ್ ಹೋಗಬಹುದು.